ಕನ್ನಡದಲ್ಲಿ ವಿವರಿಸಲಾಗದ ಸ್ಪೆಕ್‌ಗೆ ದುಡ್ಡು ಯಾಕೆ ಕೊಡಬೇಕು?

ಒಂದು ಸೆಮಿಸ್ಟರ್‌ನಲ್ಲಿ ಎರಡೇ ವಿಷಯಕ್ಕೆ ನಮ್ಮ ಹಾಸ್ಟೆಲ್ ಗ್ರೂಪು ರಾತ್ರಿ ಮೂರರವರೆಗೆ ಎಚ್ಚರ ಇರುತ್ತೆ. ಒಂದು, ಇಂಟರ್ನಲ್ಸ್ ಹಿಂದಿನ ದಿನ. ಇನ್ನೊಂದು, ಯಾರಾದರೂ ಒಬ್ಬ ಎರಡು ಮಾನಿಟರ್‌ಗಳ ಲಿಂಕ್ ಹಾಕಿ "ಎರಡೂ ಹೆಚ್ಚುಕಮ್ಮಿ ಒಂದೇ ರೇಟು, ಯಾವುದು ತಗೊಳ್ಲಿ?" ಅಂತ ಕೇಳಿದ ದಿನ. ಇಂಟರ್ನಲ್ಸ್ ಬಗ್ಗೆ ಗೊತ್ತಿಲ್ಲದವರು ಸುಮ್ಮನಿರುತ್ತಾರೆ. ಮಾನಿಟರ್ ಬಗ್ಗೆ ಗೊತ್ತಿಲ್ಲದವರು ಸುಮ್ಮನಿರೋದಿಲ್ಲ. "144 ಯಾಕ್ ಮಗಾ, 165 ತಗೋ." "1000ಆರ್ ಕರ್ವ್ ಅಂದ್ರೆ ಸಖತ್ ಇಮ್ಮರ್ಷನ್." "ಒನ್ ಎಂಎಸ್ ಇಲ್ಲಾಂದ್ರೆ ವೇಸ್ಟು." "ಎಚ್‌ಡಿಆರ್ ಇದ್ಯಾ ನೋಡು." ಬೆಳಗಾಗೋ ಹೊತ್ತಿಗೆ ಕೇಳಿದವನಿಗೆ ಮೊದಲಿದ್ದ ಗೊಂದಲದ ಜೊತೆಗೆ ಇನ್ನೂ ನಾಲ್ಕು ಗೊಂದಲ ಸೇರಿರುತ್ತವೆ.

ಇದನ್ನು ಇಷ್ಟು ಗಂಭೀರವಾಗಿ ತಗೋಬೇಕಾ ಅಂತ ಕೆಲವರು ಕೇಳಬಹುದು. ಬೇಕು ಅಂತಲೇ ನಮ್ಮ ಅಭಿಪ್ರಾಯ. ಯಾಕಂದ್ರೆ ಸೆಕೆಂಡ್ ಇಯರ್‌ನಲ್ಲಿ ನಮ್ಮ ಹೆಚ್ಚಿನವರ ಕೈಲಿರೋ ದುಡ್ಡು ನಮ್ಮದಲ್ಲ. ಅದು ಅಪ್ಪನ ಬೋನಸ್ಸು, ಅಮ್ಮನ ಚೀಟಿ, ಅಡಿಕೆ ಮಾರಿದ ವರ್ಷದ ಉಳಿಕೆ, ಇಲ್ಲವೇ ಸ್ಕಾಲರ್‌ಶಿಪ್ಪು. ಲ್ಯಾಪ್‌ಟಾಪ್ ಕೊಡಿಸಿ ಒಂದು ವರ್ಷ ಆಗಿರುತ್ತೆ, ಅಷ್ಟರಲ್ಲಿ ಇನ್ನೊಂದು ಸ್ಕ್ರೀನ್ ಬೇಕು ಅಂತ ಕೇಳ್ತೀವಿ. ಹಾಗೆ ಕೇಳುವಾಗ ಮನೆಯವರಿಗೆ ಒಂದು ಕಾರಣ ಕೊಡೋದು ನ್ಯಾಯ.

ನಮ್ಮ ಬ್ಯಾಚ್‌ನ ಗೆಳೆಯನೊಬ್ಬ ಮನೆಗೆ ಮಾನಿಟರ್ ಫೋಟೋ ಕಳಿಸಿದಾಗ ಬಂದ ಮೊದಲ ಪ್ರಶ್ನೆ: "ಇದ್ಯಾಕೆ ಬಗ್ಗಿದೆ? ಡ್ಯಾಮೇಜ್ ಪೀಸಾ?" ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಆದರೆ ಆ ಪ್ರಶ್ನೆಗೆ ಕನ್ನಡದಲ್ಲಿ ನೆಟ್ಟಗೆ ಉತ್ತರ ಕೊಡಿ ನೋಡೋಣ ಅಂದಾಗ ರೂಮಲ್ಲಿದ್ದ ಐದು ಜನ ಇಂಜಿನಿಯರಿಂಗ್ ವಿದ್ಯಾರ್ಥಿಗಳೂ "ಅದು... ಇಮ್ಮರ್ಷನ್..." ಅಂತ ನಿಲ್ಲಿಸಿದರು. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ ನಮಗೆ ಇಂಥ ಪದಗಳು ಪಾಸ್‌ವರ್ಡ್ ಥರ. ಟೈಪ್ ಮಾಡೋಕೆ ಬರುತ್ತೆ, ಅರ್ಥ ಹೇಳೋಕೆ ಬರಲ್ಲ.

ಹಾಗಾಗಿ ಈ ಲೇಖನದ ವಾದ ಇಷ್ಟೇ. ಒಂದೇ ಬೆಲೆಯ ಎರಡು ಮಾನಿಟರ್‌ಗಳ ನಡುವೆ ಆರಿಸಬೇಕಾದರೆ, ಮನೆಯಲ್ಲಿ ಕನ್ನಡದಲ್ಲಿ ವಿವರಿಸಲು ಆಗದ ಯಾವ ಅಂಕಿಗೂ ದುಡ್ಡು ಕೊಡಬೇಡಿ. ವಿವರಿಸಲು ಹೊರಟಾಗಲೇ ಯಾವ ಅಂಕಿ ನಿಜ, ಯಾವುದು ಬರೀ ಡಬ್ಬಿಯ ಅಲಂಕಾರ ಅನ್ನೋದು ಗೊತ್ತಾಗುತ್ತೆ.

ಉದಾಹರಣೆಗೆ ಎರಡು ಮಾಡೆಲ್ ಹಿಡಿಯೋಣ. ಒಂದು, 2020ರಲ್ಲಿ ಬಂದ ಸ್ಯಾಮ್‌ಸಂಗ್ ಒಡಿಸ್ಸಿ ಜಿ5, 32 ಇಂಚು, ಮಾಡೆಲ್ ಸಂಖ್ಯೆ ಜಿ55ಟಿ. ಇನ್ನೊಂದು, 2021ರಲ್ಲಿ ಬಂದ ಡೆಲ್ ಎಸ್3222ಡಿಜಿಎಂ. ಎರಡೂ ಬಾಗಿದವು, ಎರಡೂ ವಿಎ ಪ್ಯಾನೆಲ್, ಎರಡೂ 2560×1440. ಮೊದಲನೆಯದು 1000ಆರ್, 144 ಹರ್ಟ್ಜ್. ಎರಡನೆಯದು 1800ಆರ್, 165 ಹರ್ಟ್ಜ್. ಇವು ಹೊಸ ಮಾಡೆಲ್ ಅಲ್ಲ ನಿಜ. ಆದರೆ ಇವುಗಳ ನಡುವಿನ ಜಗಳ ಹಳೆಯದಾಗಿಲ್ಲ. ಈ ವರ್ಷ ನೀವು ಯಾವ ಎರಡು ಲಿಂಕ್ ಹಾಕಿದರೂ ಚರ್ಚೆ ಇದೇ ದಾರಿಯಲ್ಲಿ ಹೋಗುತ್ತೆ.

ಬಗ್ಗಿರೋದು ಯಾಕೆ?

ಆರ್ ಅಂದರೆ ತ್ರಿಜ್ಯ, ಮಿಲಿಮೀಟರ್‌ನಲ್ಲಿ. 1000ಆರ್ ಸ್ಕ್ರೀನ್ ಅಂದರೆ ಒಂದು ಮೀಟರ್ ತ್ರಿಜ್ಯದ ವೃತ್ತದಿಂದ ಕತ್ತರಿಸಿಕೊಂಡ ಚೂರು. 1800ಆರ್ ಅಂದರೆ 1.8 ಮೀಟರ್ ತ್ರಿಜ್ಯದ ದೊಡ್ಡ ವೃತ್ತದ ಚೂರು. ಅಂಕಿ ಚಿಕ್ಕದಾದಷ್ಟೂ ಬಾಗು ಜಾಸ್ತಿ. 32 ಇಂಚು ಅಂತ ಕರೆಯುವ ಸ್ಕ್ರೀನುಗಳು ಅಳತೆಯಲ್ಲಿ ಸಾಮಾನ್ಯವಾಗಿ 31.5 ಇಂಚು, ಅಗಲ ಸುಮಾರು 70 ಸೆಂಟಿಮೀಟರ್. ಲೆಕ್ಕ ಹಾಕಿದರೆ 1000ಆರ್‌ನಲ್ಲಿ ಅಂಚುಗಳು ಮಧ್ಯಕ್ಕಿಂತ ಸುಮಾರು 6 ಸೆಂ.ಮೀ. ಮುಂದೆ ಬರುತ್ತವೆ, 1800ಆರ್‌ನಲ್ಲಿ ಸುಮಾರು 3.4 ಸೆಂ.ಮೀ.

ಇದರಿಂದ ಏನು ಲಾಭ? ಇಲ್ಲಿ ಪ್ಯಾನೆಲ್ ವಿಷಯ ಬರುತ್ತೆ. ಈ ಬೆಲೆಯ ಬಾಗಿದ ಮಾನಿಟರ್‌ಗಳಲ್ಲಿ ಹೆಚ್ಚಿನವು ವಿಎ. ವಿಎ ಪ್ಯಾನೆಲ್ ಕಪ್ಪನ್ನು ಚೆನ್ನಾಗಿ ಕಪ್ಪಾಗಿಯೇ ತೋರಿಸುತ್ತೆ. ಐಪಿಎಸ್‌ನ ಕಾಂಟ್ರಾಸ್ಟ್ ಸುಮಾರು 1000:1 ಇದ್ದರೆ, ಇಲ್ಲಿ ಸ್ಯಾಮ್‌ಸಂಗ್ ಹೇಳೋದು 2500:1, ಡೆಲ್ ಹೇಳೋದು 3000:1. ಆದರೆ ವಿಎಗೆ ಒಂದು ಕಾಯಿಲೆ ಇದೆ. ನೇರವಾಗಿ ನೋಡಿದರೆ ಚೆಂದ, ಓರೆಯಿಂದ ನೋಡಿದರೆ ಬಣ್ಣ ಪೇಲವ. ಚಪ್ಪಟೆ ಸ್ಕ್ರೀನ್ ಮುಂದೆ ನೀವು ನಡುವೆ ಕೂತಿದ್ದರೂ ಅಂಚುಗಳನ್ನು ನೋಡೋದು ಓರೆಯಿಂದಲೇ.

ಎಷ್ಟು ಓರೆ? ಫಸ್ಟ್ ಇಯರ್ ತ್ರಿಕೋನಮಿತಿ ಸಾಕು. ಕಣ್ಣು 60 ಸೆಂ.ಮೀ. ದೂರದಲ್ಲಿದೆ ಅಂದುಕೊಳ್ಳಿ. ಚಪ್ಪಟೆ ಸ್ಕ್ರೀನಿನ ಅಂಚನ್ನು ನೀವು ಸುಮಾರು 30 ಡಿಗ್ರಿ ಓರೆಯಲ್ಲಿ ನೋಡ್ತೀರಿ. 1800ಆರ್ ಆದರೆ ಸುಮಾರು 20 ಡಿಗ್ರಿ. 1000ಆರ್ ಆದರೆ ಸುಮಾರು 12 ಡಿಗ್ರಿ. ಅಂದರೆ ಬಾಗು ಬರೀ ಷೋಕಿ ಅಲ್ಲ, ವಿಎ ಪ್ಯಾನೆಲ್‌ನ ದೌರ್ಬಲ್ಯಕ್ಕೆ ಮದ್ದು. ಇದನ್ನು ಮನೆಯಲ್ಲಿ ಹೇಳೋದೂ ಸುಲಭ: "ಅಂಚು ಕೂಡ ನನ್ನ ಕಡೆಗೇ ತಿರುಗಿರಲಿ ಅಂತ ಬಗ್ಗಿಸಿದ್ದಾರೆ." ಡ್ಯಾಮೇಜ್ ಪೀಸ್ ಅಲ್ಲ.

ಹಾಗಾದರೆ 1000ಆರ್ ಗೆದ್ದಂತೆ ಅಲ್ವಾ? ಒಬ್ಬರೇ, ನಟ್ಟ ನಡುವೆ, ಅಲುಗಾಡದೆ ಕೂತರೆ ಹೌದು. ಆದರೆ ಹಾಸ್ಟೆಲ್ ರೂಮ್ ನೆನಪು ಮಾಡ್ಕೊಳ್ಳಿ. ಐಪಿಎಲ್ ಮ್ಯಾಚ್ ದಿನ ಒಂದು ಸ್ಕ್ರೀನ್ ಮುಂದೆ ಎಷ್ಟು ಜನ ಇರ್ತೀವಿ? ಒಬ್ಬ ಕುರ್ಚಿಯಲ್ಲಿ, ಇಬ್ಬರು ಎಡಗಡೆ ಮಂಚದ ಮೇಲೆ, ಇನ್ನೊಬ್ಬ ಬಾಗಿಲ ಹತ್ತಿರ. ಎಡಗಡೆ ಮಂಚದವರಿಗೆ ಸ್ಕ್ರೀನಿನ ಎಡ ಅಂಚು ಬೆನ್ನು ಹಾಕಿ ಬಲಕ್ಕೆ ತಿರುಗಿರುತ್ತೆ. ಬಾಗು ಹೆಚ್ಚಾದಷ್ಟೂ ನಡುವೆ ಕೂತವನಿಗೆ ಅನುಕೂಲ, ಪಕ್ಕದವರಿಗೆ ಅನ್ಯಾಯ. ಅದೇ ರೀತಿ ಮೆಕ್ಯಾನಿಕಲ್, ಸಿವಿಲ್‌ನವರು ಡ್ರಾಯಿಂಗ್ ಸಾಫ್ಟ್‌ವೇರ್ ತೆರೆದರೆ 1000ಆರ್‌ನಲ್ಲಿ ಮೇಲಿನ ಸಾಲಿನ ನೇರ ಗೆರೆ ಬಿಲ್ಲಿನಂತೆ ಕಾಣುತ್ತೆ. ಕೆಲವರಿಗೆ ವಾರದಲ್ಲಿ ಅಭ್ಯಾಸ ಆಗುತ್ತೆ, ಕೆಲವರಿಗೆ ಆಗಲ್ಲ.

ಆದ್ದರಿಂದ "ಯಾವ ಬಾಗು ಒಳ್ಳೇದು" ಅನ್ನೋ ಪ್ರಶ್ನೆಯೇ ಸರಿಯಿಲ್ಲ. "ಈ ಸ್ಕ್ರೀನ್ ಮುಂದೆ ಯಾರು ಕೂರ್ತಾರೆ, ಎಷ್ಟು ದೂರ ಕೂರ್ತಾರೆ" ಅನ್ನೋದು ಸರಿಯಾದ ಪ್ರಶ್ನೆ. ಉತ್ತರ ಡಬ್ಬಿ ಮೇಲೆ ಇಲ್ಲ, ನಿಮ್ಮ ರೂಮಿನಲ್ಲಿದೆ. ಟೇಪ್ ಹಿಡಿದು ಅಳೀರಿ.

144ರಿಂದ 165ಕ್ಕೆ ಎಷ್ಟು ದೂರ?

ಗ್ರೂಪಿನಲ್ಲಿ ಅತಿ ಹೆಚ್ಚು ಜಗಳ ಆಗೋದು ಇದಕ್ಕೇ. ಹರ್ಟ್ಜ್ ಅಂದರೆ ಸ್ಕ್ರೀನ್ ಸೆಕೆಂಡಿಗೆ ಎಷ್ಟು ಸಲ ಹೊಸ ಚಿತ್ರ ತೋರಿಸಬಲ್ಲದು ಅಂತ. 165 ದೊಡ್ಡದು, 144 ಚಿಕ್ಕದು, ಸರಿ. ಆದರೆ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವಿನ ಸಮಯ ನೋಡಿ. 60 ಹರ್ಟ್ಜ್‌ನಲ್ಲಿ 16.67 ಮಿಲಿಸೆಕೆಂಡ್. 144ರಲ್ಲಿ 6.94. 165ರಲ್ಲಿ 6.06. ಅಂದರೆ 60ರಿಂದ 144ಕ್ಕೆ ಹೋದಾಗ ಸುಮಾರು 9.7 ಮಿಲಿಸೆಕೆಂಡ್ ಉಳಿತಾಯ. 144ರಿಂದ 165ಕ್ಕೆ ಹೋದಾಗ 0.9 ಮಿಲಿಸೆಕೆಂಡೂ ಇಲ್ಲ.

ಮೊದಲನೆಯದು ಬರಿಗಣ್ಣಿಗೆ ಕಾಣುತ್ತೆ. ಮೌಸ್ ಅಲ್ಲಾಡಿಸಿದರೆ ಸಾಕು, ಗೇಮ್ ಆಡೋದೇ ಬೇಡ. ಎರಡನೆಯದಕ್ಕೆ ದುಡ್ಡು ಕೊಡಬೇಡಿ ಅಂತಲೇ ನಮ್ಮ ಮಾತು. ಬೆಲೆ ಒಂದೇ ಇದ್ದರೆ ಬಂದದ್ದು ಬರಲಿ, ಆದರೆ ಅದೊಂದೇ ಕಾರಣಕ್ಕೆ ಆ ಮಾಡೆಲ್ ಆರಿಸಬೇಡಿ.

ಇನ್ನೂ ಒಂದು ವಿಷಯ. ಸ್ಕ್ರೀನ್ 165 ಸಲ ತೋರಿಸಬಲ್ಲದು, ಸರಿ. ನಿಮ್ಮ ಲ್ಯಾಪ್‌ಟಾಪ್ ಅಷ್ಟು ಚಿತ್ರ ಬಿಡಿಸಬಲ್ಲದಾ? 1920×1080ರಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್. 2560×1440ರಲ್ಲಿ 36.9 ಲಕ್ಷ. ಗ್ರಾಫಿಕ್ಸ್ ಕಾರ್ಡಿಗೆ ಕೆಲಸ ಒಂದೂಮುಕ್ಕಾಲು ಪಟ್ಟು ಹೆಚ್ಚಾಯ್ತು. ವ್ಯಾಲೊರಂಟ್‌ನಂಥ ಹಗುರ ಗೇಮ್ ಆದರೆ ಸಾಧಾರಣ ಗೇಮಿಂಗ್ ಲ್ಯಾಪ್‌ಟಾಪ್ ಕೂಡ ನಿಭಾಯಿಸುತ್ತೆ. ದೊಡ್ಡ ಓಪನ್ ವರ್ಲ್ಡ್ ಗೇಮ್ ಹಾಕಿದರೆ ನಮ್ಮಲ್ಲಿ ಬಹಳ ಜನರ 4 ಜಿಬಿ ಕಾರ್ಡುಗಳು 60 ಮುಟ್ಟೋಕೇ ಏದುಸಿರು ಬಿಡ್ತಾವೆ. ಆಗ 144ಕ್ಕೂ 165ಕ್ಕೂ ಜಗಳ ಆಡೋದು ಬಿಎಂಟಿಸಿ ಬಸ್ಸಿಗೆ ರೇಸಿಂಗ್ ಟೈರ್ ಯಾವುದು ಅಂತ ಚರ್ಚೆ ಮಾಡಿದ ಹಾಗೆ.

ಇಲ್ಲಿ ನಿಜವಾಗಿ ಉಪಯೋಗಕ್ಕೆ ಬರೋದು ಫ್ರೀಸಿಂಕ್. ಕಾರ್ಡು ಚಿತ್ರ ತಡವಾಗಿ ಕೊಟ್ಟರೆ ಸ್ಕ್ರೀನ್ ಕಾಯುತ್ತೆ, ಅರ್ಧ ಹಳೇದು ಅರ್ಧ ಹೊಸದು ತೋರಿಸಲ್ಲ. ಎರಡರಲ್ಲೂ ಇದೆ. ಎನ್‌ವಿಡಿಯಾ ಕಾರ್ಡ್ ಇದ್ದವರು ಹೆದರಬೇಕಿಲ್ಲ. 2019ರ ಜನವರಿಯಿಂದ ಎನ್‌ವಿಡಿಯಾ ಕೂಡ ಇಂಥ ಮಾನಿಟರ್‌ಗಳಿಗೆ ಬಾಗಿಲು ತೆರೆದಿದೆ.

ಪೋರ್ಟ್ ನೋಡಿದ್ದೀರಾ?

ಇದು ಯಾರೂ ಕೇಳದ ಪ್ರಶ್ನೆ, ಮೊದಲು ಕೇಳಬೇಕಾದ ಪ್ರಶ್ನೆ. ಡೆಲ್‌ನ 165 ಹರ್ಟ್ಜ್ ಬರೋದು ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿದರೆ ಮಾತ್ರ. ಎಚ್‌ಡಿಎಂಐ ಹಾಕಿದರೆ 1440ಪಿಯಲ್ಲಿ ಗರಿಷ್ಠ 144. ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಬಹಳಷ್ಟಕ್ಕೆ ಇರೋದು ಎಚ್‌ಡಿಎಂಐ ಒಂದೇ. ಟೈಪ್-ಸಿ ಪೋರ್ಟ್ ಇದ್ದರೂ ಅದರಲ್ಲಿ ಡಿಸ್‌ಪ್ಲೇ ಬರುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಕೆಲವದ್ದು ಬರೀ ಡೇಟಾಗೆ. ಅಂದರೆ ಮೂರು ದಿನ ಗ್ರೂಪಿನಲ್ಲಿ ಜಗಳ ಆಡಿದ 144-165 ವ್ಯತ್ಯಾಸ ಕೇಬಲ್ ಚುಚ್ಚಿದ ಕ್ಷಣ ಮಾಯ.

ಲ್ಯಾಪ್‌ಟಾಪ್‌ನಲ್ಲಿರೋದು ಎಚ್‌ಡಿಎಂಐ 1.4 ಆಗಿದ್ದರೆ ಕಥೆ ಇನ್ನೂ ಕೆಟ್ಟದು. 1440ಪಿಯಲ್ಲಿ 144 ಹರ್ಟ್ಜ್ ಅದರಲ್ಲಿ ಬರೋದೇ ಇಲ್ಲ, 2.0 ಬೇಕು. ಪೋರ್ಟ್ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಕಂಪನಿಯ ಸೈಟಿನಲ್ಲಿ ನಿಮ್ಮ ಲ್ಯಾಪ್‌ಟಾಪ್‌ನ ಪೂರ್ತಿ ಮಾಡೆಲ್ ಸಂಖ್ಯೆ ಹಾಕಿ ನೋಡಿ. ಐದು ನಿಮಿಷದ ಕೆಲಸ.

ಹಾಗೆಯೇ ಮಾನಿಟರ್‌ನ ಪೂರ್ತಿ ಮಾಡೆಲ್ ಸಂಖ್ಯೆಯೂ. "ಒಡಿಸ್ಸಿ ಜಿ5" ಅನ್ನೋದು ಒಂದು ಮಾನಿಟರ್ ಅಲ್ಲ, ಒಂದು ಕುಟುಂಬ. ಅದರಲ್ಲಿ 27, 32, 34 ಇಂಚಿನವು ಇವೆ; 144 ಹರ್ಟ್ಜ್‌ನದು ಇದೆ, 165ರದು ಇದೆ; ಬಾಗದೇ ಇರೋ ಐಪಿಎಸ್ ಕೂಡ ಇದೆ. ಒಬ್ಬ ಸೀನಿಯರ್ "ಜಿ5 ಸೂಪರ್" ಅಂದಾಗ ಯಾವ ಜಿ5 ಅಂತ ಕೇಳಿ. ಇನಿಷಿಯಲ್ ಇಲ್ಲದೆ ಮಂಜುನಾಥನನ್ನು ಹುಡುಕೋಕೆ ಹೋದರೆ ಕ್ಯಾಂಪಸ್‌ನಲ್ಲಿ ಎಷ್ಟು ಜನ ಸಿಗ್ತಾರೆ, ಹಾಗೆ.

ಒನ್ ಎಂಎಸ್, ಎಚ್‌ಡಿಆರ್: ಎರಡು ಸ್ಟಿಕ್ಕರ್‌ಗಳು

ಇವನ್ನು ಬೇಗ ಮುಗಿಸೋಣ. ಪಿಕ್ಸೆಲ್ ಒಂದು ಬೂದು ಬಣ್ಣದಿಂದ ಇನ್ನೊಂದು ಬೂದಿಗೆ ಬದಲಾಗಲು ತಗೊಳ್ಳೋ ಸಮಯಕ್ಕೆ ಜಿಟಿಜಿ ಅಂತಾರೆ. ಎಂಪಿಆರ್‌ಟಿ ಅನ್ನೋದು ಬೇರೆ. ಒಂದು ಚಿತ್ರ ಕಣ್ಣಿಗೆ ಎಷ್ಟು ಹೊತ್ತು ಕಾಣ್ತಾ ಇರುತ್ತೆ ಅನ್ನೋದರ ಅಳತೆ. ಹಿಂದಿನ ಬೆಳಕನ್ನು ಪಟಪಟ ಆರಿಸಿ ಹೊತ್ತಿಸಿದರೆ ಈ ಅಂಕಿ ಇಳಿಯುತ್ತೆ, ಜೊತೆಗೆ ಸ್ಕ್ರೀನಿನ ಬೆಳಕೂ ಇಳಿಯುತ್ತೆ, ಸಾಮಾನ್ಯವಾಗಿ ಆಗ ಫ್ರೀಸಿಂಕ್ ಕೂಡ ಆಫ್. ಡಬ್ಬಿ ಮೇಲೆ "1 ಎಂಎಸ್" ಅಂತ ದಪ್ಪಕ್ಷರದಲ್ಲಿದ್ದು ಪಕ್ಕದಲ್ಲಿ ಸಣ್ಣಕ್ಕೆ ಎಂಪಿಆರ್‌ಟಿ ಅಂತ ಇದ್ದರೆ, ಅದು ಪಿಕ್ಸೆಲ್‌ನ ವೇಗ ಅಲ್ಲ.

ವಿಎ ಪ್ಯಾನೆಲ್‌ನ ನಿಜವಾದ ತೊಂದರೆ ಆ ಅಂಕಿಯಲ್ಲಿ ಕಾಣೋದೇ ಇಲ್ಲ. ಕಡುಕಪ್ಪಿನಿಂದ ಸ್ವಲ್ಪ ತಿಳಿ ಬಣ್ಣಕ್ಕೆ ಬದಲಾಗುವಾಗ ಈ ಪ್ಯಾನೆಲ್ ನಿಧಾನ. ಕತ್ತಲೆ ದೃಶ್ಯದಲ್ಲಿ ಏನಾದರೂ ಓಡಿದರೆ ಹಿಂದೆ ಮಸಿ ಎಳೆದ ಹಾಗೆ ಕಾಣುತ್ತೆ. ಪರೀಕ್ಷೆ ಸುಲಭ: ಡಾರ್ಕ್ ಮೋಡ್‌ನಲ್ಲಿ ಕೋಡ್ ತೆರೆದು ಸ್ಕ್ರೋಲ್ ಮಾಡಿ. ಅಕ್ಷರದ ಹಿಂದೆ ಬಾಲ ಎಷ್ಟು ಉದ್ದ ಅಂತ ನೋಡಿ. ಎಸ್‌ಪಿ ರೋಡ್‌ಗೆ ಹೋಗೋರಾದರೆ ಅಂಗಡಿಯವರು ಹಾಕಿರೋ ಬಣ್ಣಬಣ್ಣದ ಡೆಮೊ ವಿಡಿಯೊ ನೋಡಿ ಮರುಳಾಗಬೇಡಿ. ನಿಮ್ಮ ಲ್ಯಾಪ್‌ಟಾಪ್ ತಗೊಂಡು ಹೋಗಿ, ಇದನ್ನು ಹಾಕಿ ತೋರಿಸಿ ಅನ್ನಿ.

ಎಚ್‌ಡಿಆರ್ ಇನ್ನೂ ಸರಳ. "ಎಚ್‌ಡಿಆರ್10 ಸಪೋರ್ಟ್" ಅಂದರೆ ಆ ಸಿಗ್ನಲ್ ಬಂದರೆ ಮಾನಿಟರ್ ಸ್ವೀಕರಿಸುತ್ತೆ ಅಂತ ಅಷ್ಟೇ, ಅದಕ್ಕೆ ಬೇಕಾದಷ್ಟು ಬೆಳಕು ಕೊಡುತ್ತೆ ಅಂತಲ್ಲ. ವೆಸಾ ಸಂಸ್ಥೆ 2017ರ ಕೊನೆಗೆ ತಂದ ಡಿಸ್‌ಪ್ಲೇಎಚ್‌ಡಿಆರ್ ದರ್ಜೆಗಳಲ್ಲಿ ತೀರಾ ಕೆಳಗಿನದು 400. ಅದರಲ್ಲೂ ಸ್ಕ್ರೀನಿನ ಒಂದು ಭಾಗ ಮಾತ್ರ ಮಂದ ಮಾಡುವ ವ್ಯವಸ್ಥೆ ಕಡ್ಡಾಯ ಅಲ್ಲ. ಪತ್ರ ಬಂತು ಅಂದ ಮಾತ್ರಕ್ಕೆ ಓದೋಕೆ ಬರುತ್ತೆ ಅಂತ ಅರ್ಥ ಅಲ್ಲವಲ್ಲ. ನಮ್ಮ ಬಜೆಟ್ಟಿನಲ್ಲಿ ಈ ಸ್ಟಿಕ್ಕರ್ ಅನ್ನು ಲೆಕ್ಕಕ್ಕೇ ಹಿಡಿಯಬೇಡಿ.

ಒತ್ತಕ್ಷರ ಕಾಣುತ್ತಾ?

ಗೇಮಿಂಗ್ ಮಾನಿಟರ್ ಅಂತ ಹೆಸರೇ ಹೊರತು, ದಿನದಲ್ಲಿ ನಾವು ಗೇಮ್ ಆಡೋದು ಎಷ್ಟು ಹೊತ್ತು? ಉಳಿದಂತೆ ಲೆಕ್ಚರ್ ಪಿಡಿಎಫ್, ಲ್ಯಾಬ್ ರೆಕಾರ್ಡು, ಕೋಡು, ಪ್ಲೇಸ್‌ಮೆಂಟ್ ಪ್ರಾಬ್ಲಮ್ಮುಗಳು. ಅಂದರೆ ಹೆಚ್ಚಿನ ಹೊತ್ತು ನೋಡೋದು ಅಕ್ಷರ. ಅಕ್ಷರಕ್ಕೆ ಹರ್ಟ್ಜ್ ಬೇಡ, ಒಂದು ಇಂಚಿನಲ್ಲಿ ಎಷ್ಟು ಪಿಕ್ಸೆಲ್ ಇದೆ ಅನ್ನೋದು ಬೇಕು.

15.6 ಇಂಚಿನ 1080ಪಿ ಲ್ಯಾಪ್‌ಟಾಪ್‌ನಲ್ಲಿ ಇಂಚಿಗೆ ಸುಮಾರು 141. ನಮ್ಮ ಎರಡು ಉದಾಹರಣೆಗಳಲ್ಲೂ ಸುಮಾರು 93, ಅಂದರೆ ಹೆಚ್ಚುಕಡಿಮೆ ಲ್ಯಾಬಿನ 24 ಇಂಚಿನ 1080ಪಿ ಸ್ಕ್ರೀನಿನಷ್ಟೇ. 27 ಇಂಚಿನ 1440ಪಿ ಆದರೆ ಸುಮಾರು 109. ಆದರೆ 27 ಇಂಚಿನ 1080ಪಿ ಬಾಗಿದ ಮಾನಿಟರ್‌ಗಳೂ ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಸುಮಾರು 82 ಮಾತ್ರ.

ಇಂಗ್ಲಿಷ್ ಅಕ್ಷರಕ್ಕೆ 82 ಹೇಗೋ ನಡೆಯುತ್ತೆ. ಕನ್ನಡಕ್ಕೆ ಕಷ್ಟ. "ರಾಷ್ಟ್ರ", "ಲಕ್ಷ್ಮಿ", "ಸ್ತ್ರೀ" ಇವನ್ನು ಸಣ್ಣ ಗಾತ್ರದಲ್ಲಿ ಟೈಪ್ ಮಾಡಿ ನೋಡಿ. ನಮ್ಮ ಲಿಪಿಯಲ್ಲಿ ಒಂದೇ ಅಕ್ಷರದ ಕೆಳಗೆ ಎರಡು ಒತ್ತು ಕೂರಬಹುದು. ಪಿಕ್ಸೆಲ್ ಕಮ್ಮಿ ಇದ್ದರೆ ಆ ಒತ್ತುಗಳು ಅಕ್ಷರವಾಗಿ ಉಳಿಯದೆ ಕೊಳೆಯ ಚುಕ್ಕೆಯಾಗುತ್ತವೆ. ಮಾನಿಟರ್ ರಿವ್ಯೂ ಮಾಡೋ ಯಾರೂ ಕನ್ನಡ ಅಕ್ಷರ ಹಾಕಿ ತೋರಿಸಲ್ಲ. ಹಾಗಾಗಿ ಈ ಪರೀಕ್ಷೆ ನಾವೇ ಮಾಡ್ಕೋಬೇಕು. ಈ ಪತ್ರಿಕೆಯ ಒಂದು ಪುಟ ತೆರೆದು, ಕುರ್ಚಿಯಲ್ಲಿ ಒರಗಿ ಕೂತು ಓದೋಕೆ ಆಗುತ್ತಾ ನೋಡಿ. ಓದೋಕೆ ಮುಂದೆ ಬಗ್ಗಬೇಕಾದರೆ ಆ ಸ್ಕ್ರೀನ್ ಬೇಡ.

ಡಬ್ಬಿ ಮೇಲೆ ಹಾಕದ ವಿಷಯಗಳು

ಈಗ ನಮ್ಮ ಮಟ್ಟಿಗೆ ಅತಿ ಮುಖ್ಯವಾದದ್ದು, ಮತ್ತು ಗ್ರೂಪಿನಲ್ಲಿ ಯಾರೂ ಮಾತಾಡದ್ದು: ಸ್ಟ್ಯಾಂಡ್. ನಮ್ಮ ಉದಾಹರಣೆಯ ಸ್ಯಾಮ್‌ಸಂಗ್‌ನ ಸ್ಟ್ಯಾಂಡ್ ಹಿಂದೆ ಮುಂದೆ ವಾಲುತ್ತೆ, ಅಷ್ಟೇ. ಎತ್ತರ ಬದಲಾಯಿಸೋಕೆ ಆಗಲ್ಲ. ಡೆಲ್‌ನದು ವಾಲುತ್ತೆ, ಎತ್ತರವೂ ಬದಲಾಗುತ್ತೆ. ಹಾಸ್ಟೆಲ್ ಟೇಬಲ್ ಎತ್ತರ ನಮ್ಮ ಕೈಲಿಲ್ಲ, ಕುರ್ಚಿ ಎತ್ತರ ಅಂತೂ ದೇವರ ಕೈಲಿ. ಆರಡಿ ಇರೋನು, ಐದಡಿ ಇರೋಳು ಅದೇ ಅಳತೆಯ ಟೇಬಲ್ಲಿಗೇ ಹೊಂದಿಕೊಳ್ಳಬೇಕು. ಆಗ ಬದಲಾಗಬಹುದಾದ್ದು ಸ್ಕ್ರೀನ್ ಒಂದೇ. ಇಲ್ಲದಿದ್ದರೆ ಬದಲಾಗೋದು ಕುತ್ತಿಗೆ. ಮಾನಿಟರ್ ಕೆಳಗೆ ಇಂಜಿನಿಯರಿಂಗ್ ಮ್ಯಾಥ್ಸ್ ಪುಸ್ತಕ ಇಟ್ಟು ಎತ್ತರಿಸಿದವರನ್ನು ನಾವು ನೋಡಿದ್ದೀವಿ. ಆ ಪುಸ್ತಕಕ್ಕೆ ಸಿಕ್ಕ ಅತ್ಯುತ್ತಮ ಉಪಯೋಗ ಅದೇ ಇರಬಹುದು, ಆದರೂ ಪರೀಕ್ಷೆ ಹಿಂದಿನ ದಿನ ಅದನ್ನು ಎಳೆದು ತೆಗೆಯಬೇಕಲ್ಲ!

ಎರಡನೆಯದು ಸರ್ವಿಸ್. ನಮ್ಮ ಸೀನಿಯರ್ ಒಬ್ಬರ ಮಾನಿಟರ್‌ನಲ್ಲಿ ಏಳನೇ ತಿಂಗಳಿಗೆ ನಿಲುವಾಗಿ ಒಂದು ಗೆರೆ ಬಂತು. ಕಂಪನಿ ಯಾವುದು ಅನ್ನೋದು ಮುಖ್ಯ ಅಲ್ಲ. ವಾರಂಟಿ ಇತ್ತು, ಆದರೆ ತಾವೇ ತಂದುಕೊಡಿ ಅಂದರು. ಡಬ್ಬಿ ಎಸೆದಾಗಿತ್ತು. ಬಾಗಿದ ಸ್ಕ್ರೀನನ್ನು ಬೆಡ್‌ಶೀಟಿನಲ್ಲಿ ಸುತ್ತಿ ಆಟೋದಲ್ಲಿ ಮಗುವಿನ ಥರ ಮಡಿಲಲ್ಲಿಟ್ಟುಕೊಂಡು ಹೋದರು. ಚಪ್ಪಟೆ ಸ್ಕ್ರೀನಾದರೆ ಗೋಡೆಗೆ ಒರಗಿಸಬಹುದು, ಬಾಗಿದ್ದನ್ನು ಎಲ್ಲೂ ಒರಗಿಸೋಕೆ ಆಗಲ್ಲ. ಆದ್ದರಿಂದ ಆರ್ಡರ್ ಮಾಡೋ ಮೊದಲು ಮೂರು ಪ್ರಶ್ನೆ: ವಾರಂಟಿ ಎಷ್ಟು ವರ್ಷ? ಅವರು ಬರ್ತಾರಾ, ನಾವು ಹೋಗಬೇಕಾ? ಕೆಟ್ಟ ಪಿಕ್ಸೆಲ್ ಎಷ್ಟು ಇದ್ದರೆ ಬದಲಾಯಿಸಿ ಕೊಡ್ತಾರೆ? ಒಂದೇ ಬೆಲೆಯ ಎರಡು ಮಾನಿಟರ್‌ಗಳಲ್ಲಿ ಈ ಉತ್ತರ ಬೇರೆ ಬೇರೆ ಇದ್ದರೆ, ಅವೆರಡೂ ಒಂದೇ ಬೆಲೆಯವಲ್ಲ. ಮತ್ತೆ, ದಯವಿಟ್ಟು ಡಬ್ಬಿ ಎಸೆಯಬೇಡಿ.

ಮೂರನೆಯದು ಸೈಜಿನ ಆಸೆ. 2019ರ ಜನವರಿಯಿಂದ 32 ಇಂಚಿನವರೆಗಿನ ಮಾನಿಟರ್‌ಗೆ ಜಿಎಸ್‌ಟಿ 18%, ಅದಕ್ಕಿಂತ ದೊಡ್ಡದಕ್ಕೆ 28% ಇತ್ತು. 2025ರ ಸೆಪ್ಟೆಂಬರ್ 22ರಿಂದ ದೊಡ್ಡದಕ್ಕೂ 18% ಆಗಿದೆ. ಹಾಗಾಗಿ 34 ಇಂಚಿನ ಅಗಲದ ಅಲ್ಟ್ರಾವೈಡ್‌ಗಳತ್ತ ಈಗ ಕಣ್ಣು ಹೋಗೋದು ಸಹಜ. ಆದರೆ 3440×1440 ಅಂದರೆ 49.5 ಲಕ್ಷ ಪಿಕ್ಸೆಲ್, 1080ಪಿಯ ಎರಡೂವರೆ ಪಟ್ಟಿಗೆ ಸ್ವಲ್ಪವೇ ಕಮ್ಮಿ. ತೆರಿಗೆ ಇಳಿಯಿತು ಅಂತ ಗ್ರಾಫಿಕ್ಸ್ ಕಾರ್ಡಿನ ಶಕ್ತಿ ಏರಲಿಲ್ಲ.

ಹಾಗಾದರೆ ಯಾವುದು?

"ಬಾಗಿದ್ದು ಬೇಡವೇ ಬೇಡ, ಚಪ್ಪಟೆ ಐಪಿಎಸ್ ತಗೋ" ಅನ್ನೋ ಪಕ್ಷವೂ ನಮ್ಮಲ್ಲಿದೆ. 27 ಇಂಚು ಅಥವಾ ಅದಕ್ಕಿಂತ ಚಿಕ್ಕ ಸ್ಕ್ರೀನ್ ಆದರೆ ಅವರ ಮಾತನ್ನು ನಾವು ಒಪ್ತೀವಿ. ಅಷ್ಟು ಅಗಲಕ್ಕೆ ಬಾಗಿನ ಲಾಭ ಸಣ್ಣದು, ಓರೆಯಿಂದ ನೋಡಿದರೂ ಐಪಿಎಸ್ ಬಣ್ಣ ಅಷ್ಟು ಕೆಡೋದಿಲ್ಲ. 32 ಇಂಚಿಗೆ ಹೋದಾಗ ಮಾತ್ರ ಬಾಗು ತನ್ನ ಸಂಬಳ ದುಡಿಯುತ್ತೆ.

ನಮ್ಮ ಎರಡು ಉದಾಹರಣೆಗಳಲ್ಲಿ ಹಾಸ್ಟೆಲ್ ರೂಮಿಗೆ ನಾವು ಡೆಲ್ ಕಡೆ ವಾಲುತ್ತೇವೆ. 165 ಹರ್ಟ್ಜ್ ಕಾರಣಕ್ಕಲ್ಲ. ಎತ್ತರ ಬದಲಾಗುವ ಸ್ಟ್ಯಾಂಡಿಗೆ, ಮತ್ತೆ ಪಕ್ಕದಲ್ಲಿ ಕೂತವರಿಗೂ ಒಂದಿಷ್ಟು ಕಾಣಲಿ ಅನ್ನೋ ಮೆದುವಾದ ಬಾಗಿಗೆ. ಆದರೆ ಒಬ್ಬಳೇ ಇರುವ ಪಿಜಿ ರೂಮು, ಗೋಡೆಗೆ ಹತ್ತಿದ ಚಿಕ್ಕ ಟೇಬಲ್, ರಾತ್ರಿ ದೀಪ ಆರಿಸಿ ಕತೆಯಿರುವ ಗೇಮ್ ಆಡೋ ಅಭ್ಯಾಸ ಇರೋಳು ಕೇಳಿದರೆ, 1000ಆರ್ ತಗೋ ಅಂತೀವಿ. ಸ್ಟ್ಯಾಂಡ್ ಎತ್ತರ ಹೊಂದುತ್ತಾ ಅಂತ ಮೊದಲೇ ಅಳೆದುಕೋ ಅಂತಲೂ ಅಂತೀವಿ. ಎರಡೂ ಸರಿಯಾದ ಉತ್ತರಗಳೇ, ಪ್ರಶ್ನೆ ಬೇರೆ ಬೇರೆ. ಗ್ರೂಪಿನಲ್ಲಿ ನಾವು ಒಬ್ಬರ ಪ್ರಶ್ನೆಗೆ ಇನ್ನೊಬ್ಬರ ಉತ್ತರ ಕೊಡ್ತಾ ಬೆಳಗು ಮಾಡ್ತೀವಿ, ಅದಕ್ಕೇ ಜಗಳ ಮುಗಿಯಲ್ಲ.

ಕಂಪನಿಗಳಿಗೆ ಅಂಕಿ ಬೇಕು, ಯಾಕಂದ್ರೆ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ದೊಡ್ಡದು ಗೆದ್ದಿತು ಅನ್ನಬಹುದು. ಕುತ್ತಿಗೆ ನೋವು, ಓದೋಕಾಗದ ಒತ್ತಕ್ಷರ, ಆಟೋದಲ್ಲಿ ಮಡಿಲಿಗೇರುವ ಮಾನಿಟರ್ ಇವಕ್ಕೆ ಡಬ್ಬಿ ಮೇಲೆ ಜಾಗ ಇಲ್ಲ. ಆ ಜಾಗ ತುಂಬೋದು ಕೊಳ್ಳುವವರ ಕೆಲಸ. ನಾವು ಇಂಜಿನಿಯರ್ ಆಗೋಕೆ ಬಂದವರು. ಯೂನಿಟ್ ಇಲ್ಲದ ಉತ್ತರಕ್ಕೆ ನಮ್ಮ ಮೇಷ್ಟ್ರು ಮಾರ್ಕ್ಸ್ ಕೊಡಲ್ಲ. ಉಪಯೋಗ ಗೊತ್ತಿಲ್ಲದ ಅಂಕಿಗೆ ನಾವು ಮನೆಯವರ ದುಡ್ಡು ಯಾಕೆ ಕೊಡಬೇಕು?

ಮುಂದಿನ ಸಲ ಎರಡು ಲಿಂಕ್ ಕಳಿಸೋ ಮೊದಲು ಒಂದು ಕೆಲಸ ಮಾಡಿ. ಒಂದು ಚೀಟಿಯಲ್ಲಿ ಕನ್ನಡದಲ್ಲಿ ನಾಲ್ಕು ಸಾಲು ಬರೀರಿ: ಯಾರು ನೋಡ್ತಾರೆ, ಎಷ್ಟು ದೂರದಿಂದ ನೋಡ್ತಾರೆ, ಯಾವ ಪೋರ್ಟಿನಿಂದ, ಹಾಳಾದರೆ ಎಲ್ಲಿಗೆ. ನಾಲ್ಕು ಸಾಲು ತುಂಬಿದರೆ ಎರಡು ಲಿಂಕಿನಲ್ಲಿ ಒಂದು ತಾನಾಗಿ ಬಿದ್ದುಹೋಗುತ್ತೆ. ತುಂಬದಿದ್ದರೆ ಇನ್ನೊಂದು ಸೇಲ್ ಬರೋವರೆಗೆ ಕಾಯಿರಿ. ಸೇಲ್‌ಗಳಿಗೇನು ಬರ ಇಲ್ಲ.